ಅಡಿಬರಹ ಪಕ್ಕಕ್ಕೆ ಬಂದದ್ದು

ಅಡಿಕೆ ಮರ ಉದ್ದ. ಅದರ ಫೋಟೋನೂ ಉದ್ದ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಶಿರಸಿ ಹತ್ತಿರದ ನಮ್ಮ ತೋಟದಲ್ಲೇ ಓಡಾಡಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಒಂದೇ ಚಿತ್ರದಲ್ಲಿ ನಾಲ್ಕು ಫೋಟೋ ಬೇಕಿತ್ತು. ಎ ಒಳ್ಳೆಯ ಕೊನೆ (ಅಡಿಕೆ ಗೊನೆ), ಬಿ ಕೊಳೆ ಬಂದ ಕೊನೆ, ಸಿ ಮರದ ಮೇಲೆ ಜೋತುಬಿದ್ದು ಬೋರ್ಡೋ ಔಷಧಿ ಹೊಡೆಯುತ್ತಿರುವ ಕೊನೆಗೌಡ (ಅಡಿಕೆ ಮರ ಹತ್ತುವ ಆಳು), ಡಿ ಕೊಟ್ಟೆ (ಕೊಳೆ ಬಾರದಂತೆ ಮೊದಲೇ ಕಟ್ಟುವ ಹೊದಿಕೆ) ಕಟ್ಟಿದ ಕೊನೆ. ಎರಡರ ಕೆಳಗೆ ಎರಡು ಇಟ್ಟರೆ ಪುಟವೇ ಮುಗಿಯಿತು. ಬೋರ್ಡೋಗೆ ಬೇಕಾದ ಮೈಲುತುತ್ತ, ಸುಣ್ಣ, ಶೇಕಡಾ 1ರ ದ್ರಾವಣ ಅಂತೆಲ್ಲ ಎಂಟು ಸಾಲು ಅಡಿಬರಹ ಬರೆದಿದ್ದೆ. ಅದಕ್ಕೆ ಅಡಿಯಲ್ಲಿ ಜಾಗವೇ ಇಲ್ಲ. ಪಕ್ಕದಲ್ಲಿ ಬೇಕಾದಷ್ಟು ಖಾಲಿ.

"ಪಕ್ಕಕ್ಕೆ ಹಾಕಿ, ಐದು ನಿಮಿಷದ ಕೆಲಸ" ಅಂದರು ಗೈಡ್. ಅವರು ವರ್ಡ್ ಬಳಸುವವರು. ನಾನು ಲೇಟೆಕ್ ಭಕ್ತ. ಅದರಲ್ಲಿ ಪುಟ ಹೇಗಿರಬೇಕು ಅಂತ ಆದೇಶ ಬರೆದುಕೊಟ್ಟರೆ, ತಂತ್ರಾಂಶವೇ ಪುಟ ಜೋಡಿಸುತ್ತದೆ.

ಲೇಟೆಕ್‌ನ ಬುಡದಲ್ಲಿರುವ ಟೆಕ್ ಹುಟ್ಟಿದ್ದೂ ಇಂಥದೇ ಹಟದಿಂದ. 1977ರಲ್ಲಿ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಪ್ರೂಫ್ ನೋಡಿ ಬೇಜಾರಾಗಿ, ತಾವೇ ಒಂದು ತಂತ್ರಾಂಶ ಬರೆಯಲು ಕೂತರು. ಬೇಗ ಮುಗಿಯುತ್ತೆ ಅಂದುಕೊಂಡಿದ್ದು ಹತ್ತು ವರ್ಷ ದಾಟಿತು. ನನಗೆ ಹಿಡಿದದ್ದು ಮೂರೇ ದಿನ.

ಮೊದಲ ದಿನ ಸೈಡ್‌ಕ್ಯಾಪ್ ಅನ್ನೋ ಪ್ಯಾಕೇಜ್ ಹಾಕಿದೆ. ಅಡಿಬರಹ ಬಲಕ್ಕೆ ಬಂದು ಹೊಸ ಅಳಿಯನ ಹಾಗೆ ಕೂತಿತು. ಖುಷಿಯಲ್ಲಿ "ಬಲಗಡೆಯ ವಿವರ ನೋಡಿ" ಅಂತ ಬರೆದು, ಹಿಂದಿನ ಅಧ್ಯಾಯಕ್ಕೆ ಒಂದು ಪುಟ ಸೇರಿಸಿದೆ. ಅಳಿಯ ಎಡಕ್ಕೆ ಎದ್ದು ಹೋದ! ಎರಡೂ ಬದಿ ಮುದ್ರಿಸುವ ಪ್ರತಿಯಲ್ಲಿ ಅದು ಹೊರ ಅಂಚನ್ನೇ ಹಿಡಿಯುತ್ತದಂತೆ. ಬೆಸ ಪುಟಕ್ಕೆ ಬಲ, ಸಮ ಪುಟಕ್ಕೆ ಎಡ. ತಪ್ಪು ಅದರದ್ದಲ್ಲ ಬಿಡಿ.

ಎರಡನೇ ದಿನ ಹಳೇ ದಾರಿ. ಚಿತ್ರದೊಳಗೇ ಎರಡು ಮಿನಿಪೇಜ್, ಅಂದ್ರೆ ಪುಟದೊಳಗಿನ ಪುಟ್ಟ ಚೌಕಟ್ಟು. ಅಗಲದಲ್ಲಿ ಶೇಕಡಾ 65 ಫೋಟೋಗಳಿಗೆ, 30 ಅಡಿಬರಹಕ್ಕೆ. ಲೆಕ್ಕ ಸರಿ ಇದೆ, ಆದರೂ ಅಡಿಬರಹ ಕೆಳಗೇ ಬೀಳುತ್ತದೆ. ಸಂಜೆಯವರೆಗೆ ಹುಡುಕಿದೆ. ಓದೋಕೆ ಚಂದ ಇರಲಿ ಅಂತ ಎರಡು ಮಿನಿಪೇಜ್‌ಗಳ ನಡುವೆ ಒಂದು ಖಾಲಿ ಸಾಲು ಬಿಟ್ಟಿದ್ದೆ. ಖಾಲಿ ಸಾಲು ಅಂದ್ರೆ ಲೇಟೆಕ್‌ಗೆ ಹೊಸ ಪ್ಯಾರಾ!

ಅದನ್ನು ಅಳಿಸಿದರೆ ಫೋಟೋಗಳ ಜಗಳ. ತಲಾ ಅರ್ಧ ಅಗಲ ಕೊಟ್ಟ ಜೋಡಿಯಲ್ಲಿ ಎರಡನೆಯದು ಜಾರಿ ಕೆಳಗಿಳಿಯಿತು. ಸಾಲಿನ ಕೊನೆಯ ಎಂಟರ್ ಕೂಡ ಒಂದು ಸ್ಪೇಸ್ ಅಂತ ಲೆಕ್ಕ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಅಲ್ಲೊಂದು ಶೇಕಡಾ ಚಿಹ್ನೆ ಒತ್ತಿದೆ, ಸರಿಹೋಯಿತು. ಅಷ್ಟರಲ್ಲಿ ಮಳೆಗೆ ಕರೆಂಟ್ ಹೋಗಿ, ಲ್ಯಾಪ್‌ಟಾಪಿನ ಬೆಳಕಲ್ಲಿ ಕೂತಿದ್ದೆ.

"ಇನ್ನೂ ಅದೇ ಫೋಟೋನಾ ತಮಾ?" ಅಂದಳು ಆಯಿ.

ಮೂರನೇ ದಿನ ಬರೀ ಅಲಂಕಾರ. ಕೊಳೆ ಬಂದ ಕೊನೆ ಮೇಲಿನ ಸಾಲಿನಲ್ಲಿ ಕಪ್ಪಗೆ ಕಾಣುತ್ತಿತ್ತು. ಅದನ್ನು ಕೆಳಗಿಳಿಸಿ, ಕೊಟ್ಟೆಯದನ್ನು ಮೇಲೆ ತಂದೆ. ಈಗ ನೋಡಬೇಕಿತ್ತು, ದೇವರ ಪಟದ ಹಾಗಿತ್ತು! ಗೈಡ್‌ಗೆ ಕಳಿಸಿದೆ. "ಈಗ ಚಂದ ಬಂತು" ಅಂತ ಉತ್ತರ ಬಂತು.

ಜಂಬದಲ್ಲಿ ಅಪ್ಪಯ್ಯನಿಗೂ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡ. ನಾನು ಓದಿ ಹೇಳಿದೆ: "ಬಿ, ಕೊಳೆ ಬಂದ ಕೊನೆ."

ಅಪ್ಪಯ್ಯ ಬಿ ಮೇಲೆ ಬೆರಳಿಟ್ಟ. "ಕೊಳೆ ಬಂದ್ಮೇಲೆ ಕೊಟ್ಟೆ ಕಟ್ಟಿ ಎಂತ ಉಪಯೋಗ ತಮಾ?"

ಎ, ಬಿ ಅಕ್ಷರಗಳನ್ನು ಲೇಟೆಕ್ ತಾನೇ ಸಾಲಿನ ಪ್ರಕಾರ ಹಾಕುತ್ತದೆ. ಫೋಟೋ ಅದಲು ಬದಲಾದರೂ ಅಕ್ಷರ ಅಲ್ಲೇ. ಅಡಿಬರಹದಲ್ಲಿ ಮಾತ್ರ ನಾನು ಕೈಯಾರೆ ಬಿ, ಡಿ ಬರೆದಿದ್ದೆ. ಪ್ರತಿ ಫೋಟೋಗೆ ಲೇಬಲ್ (ಗುರುತಿನ ಹೆಸರು) ಕೊಟ್ಟು, ಅಕ್ಷರದ ಬದಲು ಆ ಹೆಸರು ಕರೆಯುವ ಸಬ್‌ರೆಫ್ ಹಾಕಿದ್ದರೆ ಅದೇ ತಿದ್ದಿಕೊಳ್ಳುತ್ತಿತ್ತು. ಅಡಿಬರಹ ಎಲ್ಲಿ ಕೂರಬೇಕು ಅಂತ ಮೂರು ದಿನ ನೋಡಿದವನು ಅದರಲ್ಲೇನಿದೆ ಅಂತ ಒಮ್ಮೆಯೂ ಓದಿರಲಿಲ್ಲ. ಗೈಡ್ ಕೂಡ ಓದಿಲ್ಲ ಅಂತಾಯ್ತು, ಅಲ್ವಾ?

ಅಪ್ಪಯ್ಯ ಸಿ ಕಡೆ ನೋಡಿ, "ಕೊನೆಗೌಡ ಸರಿಯಾದ ಮರವನ್ನೇ ಹತ್ತಿದ್ದಾನೆ" ಅಂದ.