ಗುರ್ಕಾರರ ಪುಸ್ತಕದ ಹಿಂದಿನ ಹಾಳೆಗಳು

2020ರ ಏಪ್ರಿಲ್ 12, ಈಸ್ಟರ್. ಮಂಗಳೂರಿನ ನಮ್ಮ ಇಗರ್ಜಿಯ (ಚರ್ಚಿನ) ಬಾಗಿಲು ಮುಚ್ಚಿತ್ತು. ಪಕ್ಕದ ಹಾಲ್‌ನಲ್ಲಿ ಮಾತ್ರ ನಾವು ಏಳೆಂಟು ಜನ ಮಾಸ್ಕ್ ಹಾಕಿಕೊಂಡು ಅಕ್ಕಿ, ಬೇಳೆ, ಎಣ್ಣೆ, ಸೋಪು ಕಟ್ಟುತ್ತಿದ್ದೆವು.

ನಮ್ಮ ಇಗರ್ಜಿಯ ಪ್ರತಿ ವಾರ್ಡಿಗೂ ಒಬ್ಬರು ಗುರ್ಕಾರರು, ಅಂದರೆ ಆ ವಾರ್ಡಿನ ಮುಖಂಡರು. ಯಾರ ಮನೆಯಲ್ಲಿ ದುಡಿಯುವವರಿಲ್ಲ, ಯಾರಿಗೆ ಡಯಾಲಿಸಿಸ್, ಎಲ್ಲ ಅವರಿಗೆ ಗೊತ್ತು. ಇಗರ್ಜಿಯ ದೊಡ್ಡ ಬಲ ಅದೇ. ದುಡ್ಡು ಆಮೇಲೆ. ಎರಡೇ ದಿನದಲ್ಲಿ ಗುರ್ಕಾರರ ಪುಸ್ತಕದಲ್ಲಿದ್ದ ಎಲ್ಲ ಬಡ ಮನೆಗಳಿಗೂ ಕಿಟ್ ತಲುಪಿತು.

ಆದರೆ ಅದೇ ರಸ್ತೆಯ ಕೊನೆಯಲ್ಲಿ ತಗಡಿನ ಶೆಡ್‌ಗಳಿದ್ದವು. ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಮ್ಮ ಪುಸ್ತಕದಲ್ಲಿ ಅವರಿಲ್ಲ. ರೇಷನ್ ಕಾರ್ಡ್ ಊರಲ್ಲಿದೆ. ಕಾರ್ಡ್ ಇಲ್ಲದ ವಲಸೆ ಕಾರ್ಮಿಕರಿಗೂ ತಲಾ 5 ಕೆಜಿ ಧಾನ್ಯ ಕೊಡುತ್ತೇವೆಂದು ಕೇಂದ್ರ ಸರ್ಕಾರ ಹೇಳಿದ್ದು ಮೇ 14ಕ್ಕೆ. ಅಷ್ಟರಲ್ಲಿ ಲಾಕ್‌ಡೌನ್ ಶುರುವಾಗಿ ಏಳು ವಾರ! ಏಳು ವಾರ ಮಕ್ಕಳ ಹೊಟ್ಟೆ ಕಾಯುತ್ತಾ?

ನಮ್ಮ ಗುರ್ಕಾರರು ಒಂದು ಸಂಜೆ ಪುಸ್ತಕ ತಿರುಗಿಸಿ, ಹಿಂದಿನ ಹಾಳೆಯಿಂದ ಬರೆಯಲು ಶುರು ಮಾಡಿದರು. ಶೆಡ್ಡಿಗೊಂದು ಸಾಲು: ಎಷ್ಟು ಜನ, ಎಷ್ಟು ಮಕ್ಕಳು, ಒಲೆ ಇದೆಯಾ. ಯಾವ ಜಾತಿ, ಯಾವ ಧರ್ಮ ಅಂತ ಒಂದು ಕಾಲಂ ಇರಲಿಲ್ಲ.

ಮೊದಲ ದಿನ ಕುಚ್ಚಲಕ್ಕಿ ಒಯ್ದಿದ್ದೆವು. ಒಬ್ಬ ತಾಯಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದರು. "ಅಣ್ಣಾರ, ಈ ಅಕ್ಕಿ ನಮಗ ಒಗ್ಗಂಗಿಲ್ರೀ. ಜ್ವಾಳದ ಹಿಟ್ಟು ಸಿಗತೈತೇನ್ರಿ?" ಹಸಿದವರು ಸಿಕ್ಕಿದ್ದು ತಿನ್ನಲಿ ಅಂತ ನಮ್ಮಲ್ಲೇ ಒಬ್ಬರು ಗೊಣಗಿದರು. ನನಗೆ ಆ ಮಾತು ಈಗಲೂ ಚುಚ್ಚುತ್ತದೆ. ಏನು ಉಣ್ಣುತ್ತೀರಿ ಅಂತ ಕೇಳದೆ ಹೋದದ್ದು ನಮ್ಮ ತಪ್ಪು, ಅಲ್ವಾ? ಜೋಳದ ಹಿಟ್ಟು ಹುಡುಕಲು ಎರಡು ದಿನ ಹಿಡಿಯಿತು, ಸಿಕ್ಕಿತು.

ಬೈಬಲ್‌ನಲ್ಲಿ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ತೆರೆದು ನೋಡಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಟ್ಟರು ಅಂತ ಅಲ್ಲಿ ದೂರು ಬರುತ್ತದೆ. ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸುತ್ತಾರೆ. ಏಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಊಟದ ಹೊಣೆ ಬಂತು ಅಂತ ನಾನು ಓದಿಕೊಳ್ಳುತ್ತೇನೆ. ನಾವು ಅಷ್ಟು ದೂರ ಹೋಗಲಿಲ್ಲ. ಶೆಡ್‌ನ ಒಬ್ಬರನ್ನೂ ನಮ್ಮ ಹಾಲ್‌ಗೆ ಕರೆದು ಕೂರಿಸಲಿಲ್ಲ.

ಪ್ರತಿ ಇಗರ್ಜಿಯವರಲ್ಲೂ ನನ್ನ ಕೋರಿಕೆ ಇಷ್ಟೇ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ವಾರ್ಡಿನ ಶೆಡ್‌ಗಳಿಗೆ ಒಮ್ಮೆ ಹೋಗಿ ಬನ್ನಿ. ಹಿಂದಿನ ಹಾಳೆಗಳನ್ನು ಈಗಲೇ ಬರೆಯಿರಿ. ಅಲ್ಲಿಯ ಒಬ್ಬ ಅಕ್ಕನಿಗೆ ಪೆನ್ನು ಕೊಡಿ.