ನೀರು ಬಂತಾ?

ಬೆಳಗ್ಗೆ ಆರೂಕಾಲಿಗೆ ನಮ್ಮ ಬೀದಿಯಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ಗುಡ್ ಮಾರ್ನಿಂಗ್ ಏನಿದ್ದರೂ ಮೊಬೈಲಿನಲ್ಲಿ, ಇಬ್ಬನಿ ಬಿದ್ದ ಗುಲಾಬಿಯ ಜೊತೆ. ಗೇಟಿನ ಹತ್ತಿರ ಮುಖಾಮುಖಿ ಸಿಕ್ಕಾಗ ಕೇಳುವುದು ಒಂದೇ ಮಾತು. ‘ನೀರು ಬಂತಾ?’

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಊರಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಬಂದು ಬಚ್ಚಲ ಪಕ್ಕದ ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತಿತ್ತು. ಅಲ್ಲಿ ಯಾರಾದರೂ ‘ನೀರು ಬಂತಾ’ ಅಂತ ಕೇಳಿದ್ದರೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುತ್ತಿದ್ದರು. ಕೆಲಸ ಸಿಕ್ಕಿ ಶಿವಮೊಗ್ಗದಲ್ಲಿ ಮನೆ ಮಾಡಿದ ಮೊದಲ ವಾರ, ಎದುರು ಮನೆ ಆಂಟಿ ಕಾಂಪೌಂಡಿನ ಆಚೆಯಿಂದ ‘ನೀರು ಬಂತಾ?’ ಅಂದರು. ‘ಬಂತು’ ಅಂದೆ. ಪೇಪರ್ ಎತ್ತಿಕೊಂಡು ಒಳಗೆ ಬಂದೆ.

ಒಳಗೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ‘ಎಂಥದ್ರೀ ಇದು? ಬಂತು ಅಂದು ಬಾಗಿಲು ಹಾಕ್ಕೊಂಡು ಬಂದ್ರಾ? ಅವರು ಕೇಳಿದ್ದು ನೀರಿನ ವಿಷಯ ಅಂದ್ಕೊಂಡ್ರಾ?’

ಹೌದು, ಹಾಗೇ ಅಂದುಕೊಂಡಿದ್ದೆ. ಆಂಟಿ ಆಮೇಲೆ ಹದಿನೈದು ದಿನ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು. ‘ಪಾಪ, ಒಳ್ಳೆಯವರೇ, ಆದರೆ ಮನುಷ್ಯರ ಹತ್ತಿರ ಮಾತಿಲ್ಲ’ ಅಂತ ಮೂಲೆ ಮನೆಯಲ್ಲಿ ಹೇಳಿದ್ದರಂತೆ.

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೂ ಒಂದು ಕ್ರಮ ಇದೆ. ಬರೀ ‘ಬಂತು’ ಅಂದರೆ ಮಾತು ಅಲ್ಲಿಗೇ ಸತ್ತುಹೋಗುತ್ತೆ. ಬರೀ ‘ಇಲ್ಲ’ ಅಂದರೂ ಅಷ್ಟೇ. ‘ಬಂತು, ಆದ್ರೆ ಫೋರ್ಸಿಲ್ಲ’ ಅನ್ನಬೇಕು. ‘ಆದ್ರೆ’ ಅನ್ನುವ ಆ ಒಂದು ಮಾತಿಗೆ ಗೇಟು ತೆರೆದುಕೊಳ್ಳುತ್ತೆ. ‘ಹೌದಾ? ನಮಗೂ ದಾರದ ಹಾಗೆ ಬಂತು. ಮೇಲಿನ ಮನೆಯವರು ಮೋಟರ್ ಹಾಕ್ತಾರೆ, ಅದಕ್ಕೆ.’ ಇದನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳುವುದು. ನಮ್ಮ ಬೀದಿ ಸ್ವಲ್ಪ ಇಳಿಜಾರು. ಹಾಗಾಗಿ ಪೈಪಿಗೆ ನೇರ ಮೋಟರ್ ಹಾಕುವವರು ಯಾವಾಗಲೂ ಮೇಲಿನ ಮನೆಯವರೇ. ಮೇಲಿನ ಮನೆಗೆ ಹೋಗಿ ಕೇಳಿದರೆ ಅವರಿಗೂ ಒಬ್ಬರು ಮೇಲಿನ ಮನೆಯವರಿದ್ದಾರೆ. ಹೀಗೇ ಹತ್ತುತ್ತ ಹೋದರೆ ಕೊನೆಗೆ ಟ್ಯಾಂಕೇ ಸಿಗುತ್ತೆ, ಮೋಟರ್ ಹಾಕುವವರು ಸಿಗುವುದಿಲ್ಲ.

ಫೋರ್ಸಿನಿಂದ ಮಾತು ಎಲ್ಲಿಗೆ ಬೇಕಾದರೂ ಹೋಗಬಹುದು. ಅಗೆದು ಮುಚ್ಚದೇ ಬಿಟ್ಟ ರಸ್ತೆ, ಹಗಲು ಉರಿದು ರಾತ್ರಿ ಆರುವ ಬೀದಿ ದೀಪ, ಮರಿ ಹಾಕಿದ ನಾಯಿ, ಕಸದ ಗಾಡಿ ಹಾಡು ಹಾಕಿಕೊಂಡು ಬಂದು ನಿಲ್ಲಿಸದೇ ಹೋಗಿದ್ದು, ಬೆಂಗಳೂರಿನಲ್ಲಿರುವ ಮಗ ಮದುವೆಗೆ ಒಪ್ಪದಿರುವುದು. ಆಮೇಲೆ ಅಡಿಕೆ ರೇಟು, ಅದರಲ್ಲೂ ರಾಶಿ ಅನ್ನುವ ಬಗೆಯದು. ‘ರಾಶಿ ಎಷ್ಟಾಯ್ತಂತೆ?’ ತೋಟ ಇರುವವರೂ ಕೇಳುತ್ತಾರೆ, ಕುಂಡದಲ್ಲಿ ಒಂದು ತುಳಸಿ ಬಿಟ್ಟು ಬೇರೇನೂ ಬೆಳೆಯದವರೂ ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಅಡಿಕೆ ಬಿದ್ದರೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರಿಗೂ ನಿದ್ದೆ ಬರುವುದಿಲ್ಲ. ಅಷ್ಟರಲ್ಲಿ ಯಾರದೋ ಒಲೆ ಮೇಲಿನ ಹಾಲು ಉಕ್ಕುತ್ತೆ. ಸಭೆ ಮುಗಿಯುತ್ತೆ.

ನೀರು ಬಿಡುವ ಹುಡುಗನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ನಮ್ಮಲ್ಲಿ ಅವನನ್ನು ವಾಲ್‌ಮನ್ ಅನ್ನುತ್ತಾರೆ. ಹಳೇ ಬೈಕು, ಹಿಂದೆ ಅಡ್ಡ ಕಟ್ಟಿದ ಉದ್ದನೆ ಕಬ್ಬಿಣದ ಕೀ. ಬೀದಿಯ ತುದಿಯಲ್ಲಿ ಚಪ್ಪಡಿ ಸರಿಸಿ, ಗುಂಡಿಗೆ ಕೀ ಇಳಿಸಿ, ಎರಡು ಕೈಯಲ್ಲಿ ಹಿಡಿದು ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಾನೆ. ಅವನು ಎಷ್ಟು ಸುತ್ತು ಹಾಕಿದ ಅಂತ ಎಣಿಸುವವರು ನಮ್ಮ ಬೀದಿಯಲ್ಲಿ ಮೂರು ಜನ ಇದ್ದಾರೆ. ‘ನಿನ್ನೆ ಹನ್ನೊಂದು ಹಾಕಿದ್ದ, ಇವತ್ತು ಎಂಟೇ.’ ಓಟು ಕೇಳಲು ಬಂದವರಿಗೆ ಗೇಟಿನಲ್ಲೇ ಕೈ ಮುಗಿದು ಕಳಿಸುವ ನಾವು ಇವನಿಗೆ ಒಳಗೆ ಕರೆದು ಕಾಫಿ ಕೊಡುತ್ತೇವೆ. ದೀಪಾವಳಿಗೆ ಅವನ ಮನೆಗೆ ಹೋಗುವಷ್ಟು ಕಜ್ಜಾಯ ನನ್ನ ಸ್ವಂತ ತಂಗಿಗೂ ಹೋಗುವುದಿಲ್ಲ.

ಅವನು ಬಂದಿದ್ದು ಗೊತ್ತಾಗದೇ ಇದ್ದರೆ? ಅದಕ್ಕೆ ಎದುರು ಮನೆ ಆಂಟಿ ಒಂದು ಉಪಾಯ ಕಂಡುಕೊಂಡಿದ್ದಾರೆ. ರಾತ್ರಿ ಮಲಗುವಾಗ ಅಂಗಳದ ನಲ್ಲಿ ತಿರುಗಿಸಿಯೇ ಬಿಡುತ್ತಾರೆ. ಕೆಳಗೆ ಖಾಲಿ ಬಕೆಟ್. ಬಕೆಟ್ಟಿನೊಳಗೆ ತಳ ಸೊಟ್ಟಗಾದ ಹಳೇ ಸ್ಟೀಲ್ ತಟ್ಟೆಯೊಂದನ್ನು ಮಗುಚಿ ಇಡುತ್ತಾರೆ. ನೀರು ಬರುವ ಮೊದಲು ನಲ್ಲಿ ಕೆಮ್ಮುತ್ತೆ. ಕೊರ್‌ ಕೊರ್‌ ಅಂತ ಗಾಳಿ. ಆಮೇಲೆ ಒಂದು ಸಲ ಉಗಿದು ಸುಮ್ಮನಾಗುತ್ತೆ. ಮತ್ತೆ ಕೆಮ್ಮುತ್ತೆ. ಆಮೇಲೆ ತಟ್ಟೆಯ ಮೇಲೆ ಟಣ್‌, ಟಣ್‌, ಟಣಟಣ. ಆಂಟಿಗೆ ಎಚ್ಚರವಾಗುತ್ತೆ. ಆಂಟಿಗೆ ಎಚ್ಚರವಾದರೆ ಬೀದಿಗೆ ಎಚ್ಚರವಾದ ಹಾಗೆ.

ಈ ನಡುವೆ ದಿನದ 24 ಗಂಟೆ ನೀರು ಕೊಡುತ್ತೇವೆ ಅಂತ ಹೊಸ ಪೈಪು ಹಾಕಿದರು, ಮನೆ ಮುಂದೆ ಮೀಟರ್ ಕೂರಿಸಿದರು. ಇನ್ನು ಬೀದಿಯಲ್ಲಿ ಮಾತಾಡಲು ಏನೂ ಉಳಿಯುವುದಿಲ್ಲವಲ್ಲ ಅಂತ ನನಗೆ ನಿಜವಾಗಲೂ ಹೆದರಿಕೆಯಾಗಿತ್ತು. ಸುಮ್ನೆ ಹೆದರಿದ್ದೆ. ಕೊಳಾಯಿಯಲ್ಲಿ ನೀರಿಗಿಂತ ಮೊದಲು ಗಾಳಿ ಬಂದಾಗಲೂ ಮೀಟರಿನ ಮುಳ್ಳು ತಿರುಗುತ್ತೆ ಅನ್ನುವುದನ್ನು ಮೂಲೆ ಮನೆಯ ರಿಟೈರ್ಡ್ ಮೇಷ್ಟ್ರು ಕಂಡುಹಿಡಿದರು. ಗಾಳಿಗೂ ದುಡ್ಡು ಕೊಡಬೇಕಲ್ಲ ಅನ್ನುವ ಮಾತು ಎರಡು ತಿಂಗಳು ಬಂತು. ಈಗಲೂ ಕೆಲವು ದಿನ ನೀರಿರುತ್ತೆ, ಕೆಲವು ದಿನ ಇರುವುದಿಲ್ಲ. ಪ್ರಶ್ನೆ ಮಾತ್ರ 24 ಗಂಟೆಯೂ ಇರುತ್ತೆ.

ಇಷ್ಟೆಲ್ಲ ಆಗುವುದು ಜೂನ್‌ವರೆಗೆ. ಆರಿದ್ರಾ ಮಳೆ ಹೋಗಿ ಪುನರ್ವಸು ಹಿಡಿಯಿತು ಅನ್ನಿ, ಅದೇ ಪ್ರಶ್ನೆಯ ಅರ್ಥವೇ ಬದಲಾಗುತ್ತೆ. ಆಗ ‘ನೀರು ಬಂತಾ?’ ಅಂದರೆ ಹೊಳೆಗೆ ನೀರು ಬಂತಾ ಅಂತ.

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಅಂತಾರೆ. ಮಳೆಯ ಲೆಕ್ಕದಲ್ಲಿ ಇದು ಸರಿಯಾದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ ನಮ್ಮೂರಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ನಮ್ಮ ಬೀದಿಯವರ ಹಾಗೆ ಅದೂ ಗೇಟಿನಲ್ಲೇ ನಿಂತು ಸ್ವಲ್ಪ ಮಾತಾಡಿ ಹೋಗುತ್ತೆ, ಒಳಗೆ ಬರುವುದಿಲ್ಲ. ಇಲ್ಲಿ ಬಿಸಿಲಿದ್ದರೂ ತುಂಗೆ ಉಕ್ಕಬಹುದು. ಹಾಗಾಗಿ ಹೊಳೆಯ ವಿಷಯ ತಿಳಿಯಬೇಕಾದರೆ ಆಕಾಶ ನೋಡಿ ಪ್ರಯೋಜನವಿಲ್ಲ, ಮೇಲಿನ ಊರಿನ ನೆಂಟರಿಗೆ ಫೋನು ಮಾಡಬೇಕು.

ಇಲ್ಲಿ ನನ್ನ ಬೆಲೆ ಏರುತ್ತೆ. ಹೆಂಡತಿಯ ಸೋದರತ್ತೆಯೊಬ್ಬರು ಶೃಂಗೇರಿಯಲ್ಲಿದ್ದಾರೆ, ತಂಗಿ ತೀರ್ಥಹಳ್ಳಿಯಲ್ಲಿ. ಶೃಂಗೇರಿಯ ಹೊಳೆ ದಡದಲ್ಲಿ ಕಪ್ಪೆ ಶಂಕರನ ಗುಡಿ ಇದೆ. ಅದಕ್ಕೆ ನೀರು ಬಂದರೆ ಅತ್ತೆಯ ಫೋನು. ಆಮೇಲೆ ತಂಗಿಯದು. ‘ಅಣ್ಣಾ, ರಾಮಮಂಟಪ ಮುಳುಗ್ತು. ಕಮಾನು ಸೇತುವೆ ಹತ್ರ ಎಂಥ ಜನ ಗೊತ್ತುಂಟಾ!’ ಅಲ್ಲಿಂದ ನೀರು ಗಾಜನೂರು ಡ್ಯಾಮಿಗೆ, ಡ್ಯಾಮಿನ ಗೇಟಿನಿಂದ ನಮ್ಮೂರಿಗೆ. ನಮ್ಮೂರಿನಲ್ಲೂ ಒಂದು ಮಂಟಪ ಇದೆ, ಕೋರ್ಪಲಯ್ಯನ ಛತ್ರದ ಹತ್ತಿರ, ಹೊಳೆಯಲ್ಲಿ. ಬೇಸಿಗೆಯಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮಳೆಗಾಲದಲ್ಲಿ ಇಡೀ ಊರು ಅದರದೇ ಜಪ ಮಾಡುತ್ತೆ. ‘ಮಂಟಪ ಮುಳುಗ್ತಾ?’ ‘ಕಾಲು ಭಾಗ.’ ‘ಸಂಜೆಗೆ ಮುಳುಗುತ್ತೆ ಬಿಡಿ.’ ಯಾವುದೋ ಬಂಧುವಿನ ಪರೀಕ್ಷೆ ಫಲಿತಾಂಶ ಕಾಯುವ ಹಾಗೆ ಕಾಯುತ್ತೇವೆ. ಮುಳುಗಿತು ಅಂದರೆ ತುಂಗೆ ಪಾಸು.

ಮುಳುಗುವುದನ್ನು ಇಷ್ಟು ಖುಷಿಯಿಂದ ಕಾಯುವ ಜನ ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ. ಎಲ್ಲ ವರ್ಷವೂ ಖುಷಿ ಅಂತಲ್ಲ. 2019ರ ಆಗಸ್ಟಿನಲ್ಲಿ ಹೊಳೆಯೇ ತಗ್ಗಿನ ಬಡಾವಣೆಗಳ ಒಳಗೆ ಬಂತು. ಮೇಷ್ಟ್ರ ತಂಗಿಯ ಮನೆಯವರು ಒಂದು ಚೀಲ ಬಟ್ಟೆ, ಒಂದು ಗ್ಯಾಸ್ ಸಿಲಿಂಡರ್ ಹಿಡಿದುಕೊಂಡು ಬಂದು ನಾಲ್ಕು ದಿನ ನಮ್ಮ ಬೀದಿಯಲ್ಲಿದ್ದರು. ಆ ನಾಲ್ಕು ದಿನ ಗೇಟಿನಲ್ಲಿ ‘ಕಾಫಿ ಆಯ್ತಾ?’ ಅಂತ ಕೇಳಿದೆವು. ಇನ್ನೊಂದು ಪ್ರಶ್ನೆ ಯಾರ ಬಾಯಿಗೂ ಬರಲಿಲ್ಲ.

ಈ ವರ್ಷ ಪುಷ್ಯ ಮಳೆ ಜೋರಾಗಿ ಹಿಡಿಯಿತು. ಮಕ್ಕಳ ಪ್ರಶ್ನೆ ಬೇರೆ. ‘ಡಿಸಿ ರಜೆ ಕೊಟ್ರಾ?’ ತೀರ್ಥಹಳ್ಳಿಗೆ ಕೊಟ್ಟರು, ಹೊಸನಗರಕ್ಕೆ ಕೊಟ್ಟರು, ಸಾಗರಕ್ಕೂ ಕೊಟ್ಟರು. ನಮಗಿಲ್ಲ. ಹೆಬ್ಬಾಗಿಲಿನಲ್ಲಿ ಇರುವುದರ ಕಷ್ಟ ಇದು. ನನ್ನ ಮಗ ಹೋದ ವರ್ಷದ ಆದೇಶದ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ ಬ್ಯಾಗು ಬಿಚ್ಚಿಟ್ಟ. ಅವನ ಅಮ್ಮ ತಾರೀಖು ಓದಿದಳು. ರೇನ್‌ಕೋಟು ಹಾಕಿಸಿ ಕಳಿಸಿದಳು.

ಆ ಸಂಜೆ ನಾವು ಐದಾರು ಜನ ಕೊಡೆ ಹಿಡಿದು ಹೊಳೆ ನೋಡಲು ಹೋದೆವು. ಸೇತುವೆಯ ಹತ್ತಿರ ನಮ್ಮ ಬಡಾವಣೆಯ ಅರ್ಧ ಜನ ಇದ್ದರು. ಸುಟ್ಟ ಜೋಳದ ಗಾಡಿಗಳು ಸಾಲಾಗಿ ನಿಂತಿದ್ದವು. ಕೆಂಪು ನೀರು, ಮರದ ದಿಮ್ಮಿ, ಒಂದು ಪ್ಲಾಸ್ಟಿಕ್ ಕುರ್ಚಿ, ತೆಂಗಿನಕಾಯಿ, ಎಲ್ಲವೂ ಕೂಡಲಿಗೆ ಹೊರಟಿದ್ದವು, ಅಲ್ಲಿ ಭದ್ರೆ ಸಿಗುತ್ತಾಳಲ್ಲ. ಮಂಟಪದ ನೆತ್ತಿ ಒಂದು ಗೇಣು ಕಾಣುತ್ತಿತ್ತು. ‘ಅದು ಮುಳುಗಿದ ಲೆಕ್ಕವಾ, ಇಲ್ಲವಾ’ ಅಂತ ವಾದ ಶುರುವಾಯಿತು.

ಮೇಷ್ಟ್ರು ಜೋಳ ಕಚ್ಚುತ್ತ ಪಾಠಕ್ಕೆ ಇಳಿದರು. ‘ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಅಂದ್ರೆ ಸುಮಾರು ಎರಡು ಕೊಡ. ಡ್ಯಾಮಿನಿಂದ 50 ಸಾವಿರ ಕ್ಯೂಸೆಕ್ ಬಿಟ್ಟರು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಲಕ್ಷ ಕೊಡ ಹೋಯ್ತು ನೋಡಿ!’

ಎದುರು ಮನೆ ಆಂಟಿ ಹೊಳೆಯನ್ನೇ ನೋಡುತ್ತ ಅಂದರು. ‘ಅದರಲ್ಲಿ ಎರಡು ಕೊಡ ನಮ್ಮ ಬೀದಿಗೆ ತಿರುಗಿಸೋಕೆ ಹೇಳಿ ಮೇಷ್ಟ್ರೇ.’

ಯಾಕೆಂದರೆ ಎರಡು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಹೊಳೆ ತುಂಬಿದಾಗಲೇ ನಮಗೆ ನೀರಿನ ತಾಪತ್ರಯ ಜಾಸ್ತಿ. ನೀರೆಲ್ಲ ಮಣ್ಣು ಕಲಸಿದ ಹಾಗಿರುತ್ತೆ, ತಿಳಿ ಮಾಡಿ ಬಿಡುವುದು ನಿಧಾನವಾಗುತ್ತೆ. ಬಿಟ್ಟರೂ ಕಾಯಿಸಿ ಕುಡಿಯಿರಿ ಅಂತ ಆಟೋದಲ್ಲಿ ಮೈಕು ಕಟ್ಟಿಕೊಂಡು ಹೇಳಿ ಹೋಗುತ್ತಾರೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಹೇಳಿದ್ದು ಜನವರಿ ತಿಂಗಳಲ್ಲಿರಬೇಕು.

ಮನೆಗೆ ಬಂದು ನೋಡಿದರೆ ಬೀದಿಯ ಎಲ್ಲ ಮನೆಯ ಸೂರಿನ ಕೆಳಗೂ ಡ್ರಮ್ಮು, ಹಂಡೆ, ಬಕೆಟ್ಟು. ನೆನೆಹಾಕಿದ ಬಟ್ಟೆಗೆ, ಪಾತ್ರೆಗೆ, ಬಚ್ಚಲಿಗೆ ಆಕಾಶದ ನೀರೇ ಗತಿ. ನಾನೂ ತಗಡಿನ ಶೀಟಿನ ಕೆಳಗೆ ಡ್ರಮ್ಮು ಉರುಳಿಸಿಟ್ಟೆ. ಹುಟ್ಟೂರಿನ ತೊಟ್ಟಿ ನೆನಪಾಯಿತು. ಆದರೆ ಅಲ್ಲಿ ಅಕ್ಕಪಕ್ಕ ಮನೆಯೇ ಇರಲಿಲ್ಲ. ನೀರಿನ ಸದ್ದು ಕೇಳುತ್ತ ಅಜ್ಜಿ ಒಬ್ಬಳೇ ಕೂತಿರುತ್ತಿದ್ದಳು. ಆಳು ಬಂದು ‘ಅಮ್ಮಾ’ ಅಂದರೆ ಅವಳಿಗೆ ಅವತ್ತಿನ ಮೊದಲ ಮಾತು.

ರಾತ್ರಿ ಎರಡೂವರೆ ಇರಬಹುದು. ಮಳೆ ನಿಂತಿತ್ತು. ಸೂರಿನ ಹನಿ ಡ್ರಮ್ಮಿಗೆ ಬೀಳುವ ಸದ್ದಿನ ನಡುವೆ ಎದುರು ಮನೆ ಅಂಗಳದಲ್ಲಿ ಕೊರ್‌ ಅಂತ ಒಂದು ಕೆಮ್ಮು. ಆಮೇಲೆ ಟಣ್‌.

ಆಂಟಿ ಮನೆಯ ಲೈಟು ಹತ್ತಿತು. ಆಮೇಲೆ ಮೇಷ್ಟ್ರದು. ಆಮೇಲೆ ಇಳಿಜಾರಿನ ಉದ್ದಕ್ಕೂ ಒಂದೊಂದೇ. ನಾನು ಪಂಚೆ ಮೇಲೆತ್ತಿ ಕಟ್ಟಿಕೊಂಡು ಹೊರಗೆ ಬಂದೆ. ಸ್ವೆಟರು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಎಲ್ಲರೂ ಅವರವರ ಗೇಟಿನಲ್ಲಿದ್ದರು. ಮೇಷ್ಟ್ರು ಟಾರ್ಚು ಹಿಡಿದು ಮೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಬೀದಿ ನಾಯಿ ಎದ್ದು ಎಲ್ಲರನ್ನೂ ಒಂದು ಸುತ್ತು ವಿಚಾರಿಸಿಕೊಂಡು ಹೋಗಿ ಮಲಗಿತು.

ಎದುರು ಗೇಟಿನಿಂದ ಆಂಟಿ ಕೇಳಿದರು. ‘ನೀರು ಬಂತಾ?’

ಅವರ ಬಕೆಟ್ಟು ಅಲ್ಲೇ ತುಂಬಿ ಹರಿಯುತ್ತಿತ್ತು. ತಟ್ಟೆ ಒಳಗೇ ತಿರುಗುತ್ತಿತ್ತು.

‘ಬಂತು ಆಂಟಿ’ ಅಂದೆ, ಗೇಟಿನ ಮೇಲೆ ಮೊಣಕೈ ಊರಿ. ‘ಆದ್ರೆ ಫೋರ್ಸಿಲ್ಲ.’