ಮುಟ್ಟಬ್ಯಾಡ್ರಿ ಮಾಸ್ತರ್!

ಆ ‘ಗುಂಯ್’ ಅನ್ನುವ ಸದ್ದು ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಭಾನುವಾರ ಬಸವ ಜಯಂತಿಯ ವಚನ ಗಾಯನಕ್ಕೆ ಕೀಬೋರ್ಡ್ ನುಡಿಸಲು ಹೋಗಿದ್ದೆ. ಸೇಡಂ ರೋಡಿನ ಕಡೆ ಒಂದು ಹಾಲ್. ಬಸವ ಜಯಂತಿಯ ಹೊತ್ತಿಗೆ ಕಲಬುರಗಿಯ ಬಿಸಿಲು ಹೇಗಿರುತ್ತದೆ ಅಂತ ನಿಮಗೇನು ಹೇಳುವುದು? 42 ಡಿಗ್ರಿ ಅಂದರೆ ‘ಇವತ್ತು ಪರವಾಗಿಲ್ಲ’ ಅನ್ನುವ ಜನ ನಾವು.

ಕೀಬೋರ್ಡ್ ನುಡಿಸುವವನ ಹಣೆಬರಹವೇ ಹೀಗೆ. ಎಲ್ಲರಿಗಿಂತ ಮೊದಲು ಬರಬೇಕು, ಎಲ್ಲರಿಗಿಂತ ಕಡೆಗೆ ಅವನಿಗೆ ಕರೆಂಟ್ ಸಿಗುತ್ತದೆ. ಹಾಡುವವರು ಗಂಟಲು ಸರಿ ಇಟ್ಟುಕೊಂಡು ಬಂದರಾಯಿತು. ತಬಲಾದವರಿಗೆ ಒಂದು ಸುತ್ತಿಗೆ, ಒಂದು ಡಬ್ಬಿ ಪೌಡರ್ ಸಾಕು. ನನಗೆ ಮಾತ್ರ ಸ್ಟ್ಯಾಂಡ್, ಅಡಾಪ್ಟರ್, ಪೆಡಲ್, ವೈರು, ಮೇಲೆ ಆಟೋದವನ ಮುನಿಸು. ಇಷ್ಟೆಲ್ಲ ಹೊತ್ತು ಸ್ಟೇಜ್ ಹತ್ತಿದರೆ ಸಂಘಟಕರು, “ಆಮ್ಯಾಲ ನೋಡ್ರಿ ಮಾಸ್ತರ್, ಮೊದಲ ಬ್ಯಾನರ್ ಕಟ್ಟಲಿ” ಅಂದರು. ಬ್ಯಾನರ್ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಹೂವಿನ ಹಾರ, ಆಮೇಲೆ ಕುರ್ಚಿ ಒರೆಸೋದು, ಆಮೇಲೆ ಯಾರದೋ ಹೆಸರು ಬ್ಯಾನರ್‌ನಲ್ಲಿ ಬಿಟ್ಟುಹೋಗಿದೆ ಅಂತ ಜಗಳ. ನಾನು ಅಡಾಪ್ಟರ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

ಕೊನೆಗೆ ಸೌಂಡ್ ಕಾಕಾ ಬಂದರು. ನಮ್ಮ ಕಡೆ ಎಲ್ಲ ಕಾರ್ಯಕ್ರಮಕ್ಕೂ ಒಬ್ಬ ಸೌಂಡ್ ಕಾಕಾ ಇರುತ್ತಾರೆ, ಅಲ್ವಾ? ಇವರ ಹತ್ತಿರ ಇರುವುದು ಒಂದು ಟೆಸ್ಟರ್, ಒಂದು ಸುತ್ತು ಕರಿ ಟೇಪ್, ಒಂದು ವಾಕ್ಯ. ಆ ವಾಕ್ಯ ಯಾವುದೆಂದರೆ, “ನಿನ್ನಿ ತನಕ ಬರೋಬ್ಬರಿ ಇತ್ತು.” ಮೈಕ್ ಕೀರಲಿ, ಬಾಕ್ಸ್ ಸತ್ತುಹೋಗಲಿ, ಆಂಪ್ಲಿಫೈಯರ್‌ನಿಂದ ಹೊಗೆ ಬರಲಿ, ನಿನ್ನೆ ತನಕ ಅದು ಬರೋಬ್ಬರಿ ಇರುತ್ತದೆ. ಇವತ್ತು ಕೆಟ್ಟಿದೆ ಅಂದರೆ ಇವತ್ತು ಹೊಸದಾಗಿ ಏನು ಬಂತು? ನಾನು ಬಂದೆ. ಅಷ್ಟನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ನನ್ನ ಕೀಬೋರ್ಡನ್ನು ಒಮ್ಮೆ ನೋಡುತ್ತಾರೆ.

ಕೀಬೋರ್ಡಿನ ಹಿಂದೆ ಎರಡು ತೂತು ಇವೆ, ಎಡದ್ದು ಮತ್ತು ಬಲದ್ದು. ಒಂದೇ ವೈರ್ ಇದ್ದರೆ ಎಡದ್ದಕ್ಕೇ ಹಾಕಬೇಕು. ಎರಡೂ ಕಡೆಯ ಸದ್ದು ಕೂಡಿ ಬರುವುದು ಅಲ್ಲಿ ಮಾತ್ರ. ಪಕ್ಕದಲ್ಲಿ ‘ಮೋನೋ’ ಅಂತ ಬರೆದೂ ಇರುತ್ತದೆ. ಕಾಕಾ ಬಲದ್ದಕ್ಕೆ ತುರುಕಿದರು. “ಎರಡೂ ಒಂದೇ ಅವರಿ.” ತೆಗೆದು ಎಡದ್ದಕ್ಕೆ ಹಾಕಿದೆ. ಹಾಕಿದ್ದೇ ತಡ, ಹಾಲ್ ತುಂಬ ‘ಗುಂಯ್’.

“ಕೀಬೋರ್ಡ್ ದಾಗ ಅದ ನೋಡ್ರಿ ಪ್ರಾಬ್ಲಂ.”

ಕೀಬೋರ್ಡಿನ ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿದೆ. ಗುಂಯ್ ಹಾಗೇ ಇತ್ತು. ಅಂದರೆ ತಪ್ಪು ವಾದ್ಯದ ಸದ್ದಿನಲ್ಲಿ ಇಲ್ಲ, ಅದರಾಚೆ ಎಲ್ಲೋ ಇದೆ. ಅಡಾಪ್ಟರನ್ನೇ ಕಿತ್ತೆ, ಕೀಬೋರ್ಡ್ ಸತ್ತಿತು, ಗುಂಯ್ ಬದುಕಿತ್ತು. ಕಾಕಾರ ವೈರ್ ಬಿಟ್ಟು ನನ್ನ ಸ್ವಂತ ವೈರ್ ತೆಗೆದುಕೊಂಡು, ಕೀಬೋರ್ಡನ್ನು ಮಿಕ್ಸರ್ ಪಕ್ಕಕ್ಕೆ ಹೊತ್ತುಕೊಂಡು ಹೋಗಿ ಹಚ್ಚಿದೆ. ಗುಂಯ್ ಮಾಯ. ಇಷ್ಟು ಸಾಕ್ಷಿ ಸಿಕ್ಕರೆ ಕೋರ್ಟಿನಲ್ಲೂ ಕೇಸ್ ಮುಗಿಯುತ್ತದೆ. ಕಾಕಾ ತಲೆ ಕೆರೆದುಕೊಂಡು, “ಈ ವೈರ್ ನಿನ್ನಿ ತನಕ ಬರೋಬ್ಬರಿ ಇತ್ತಲ್ರಿ” ಅಂದರು.

ನನ್ನ ವೈರ್ ಗಿಡ್ಡ. ಮಿಕ್ಸರ್ ಇರುವುದು ಹಾಲಿನ ಆ ತುದಿಯಲ್ಲಿ. ಅಷ್ಟು ದೂರ ಕೀಬೋರ್ಡಿನ ಮಾಮೂಲಿ ವೈರ್ ಎಳೆದರೆ ಅದು ಅಕ್ಕಪಕ್ಕದ ಕರೆಂಟ್ ವೈರಿನ ಗುಂಗನ್ನೆಲ್ಲ ಹೀರಿಕೊಂಡು ಬರುತ್ತದೆ. ಅದಕ್ಕೇ ಸ್ಟೇಜಿನ ಮೇಲೆ ಒಂದು ಡಿಐ ಬಾಕ್ಸ್, ಅಂದರೆ ವಾದ್ಯದ ಸದ್ದನ್ನು ಮೈಕ್ ಕೇಬಲ್‌ಗೆ ಒಗ್ಗಿಸುವ ಸಣ್ಣ ಡಬ್ಬಿ, ಇಟ್ಟು, ಅಲ್ಲಿಂದ ಮುಂದೆ ಮೂರು ಪಿನ್ನಿನ ಮೈಕ್ ಕೇಬಲ್ ಎಳೆಯುತ್ತಾರೆ. ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಡಿಐ ಬಾಕ್ಸಾ? ಅದು ಬೆಂಗಳೂರಾಗ ಇರ್ತದ್ರಿ.”

ಆಮೇಲೆ ಅವರು ತಮ್ಮ ವಿದ್ಯೆ ತೋರಿಸಿದರು. ಅವರ ವೈರಿನ ತುದಿಯ ಪಿ-38 ಪಿನ್ನನ್ನು, ಅಂದರೆ ಕೀಬೋರ್ಡಿನ ತೂತಿಗೆ ತುರುಕುವ ದಪ್ಪ ಪಿನ್ನನ್ನು, ಹತ್ತಿರದಿಂದ ನೋಡಿದೆ. ಕುತ್ತಿಗೆಯ ಹತ್ತಿರ ಬೆಸುಗೆ ಬಿಟ್ಟು ಒಂದು ತಂತಿ ಇಣುಕುತ್ತಿತ್ತು. ಅದರ ಮೇಲೆ ಟೇಪು, ಟೇಪಿನ ಮೇಲೆ ಧೂಳು, ಧೂಳಿನ ಮೇಲೆ ಇನ್ನೊಂದು ಟೇಪು. ಕಾಕಾ ಅದನ್ನು ಒಳಗೆ ತೂರಿಸಿ, ಅರ್ಧ ಸುತ್ತು ತಿರುವಿ, ಕಾಲು ಸುತ್ತು ವಾಪಸ್ ತಂದು, ಉಸಿರು ಬಿಗಿಹಿಡಿದು ನಿಂತರು. ಗುಂಯ್ ಸಣ್ಣದಾಯಿತು. ಒಂದು ಕೈಯಲ್ಲಿ ಪಿನ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅದೇ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ತೆಗೆದು, ನಾಲ್ಕು ಮಡಿಕೆ ಮಾಡಿ, ಪಿನ್ ಕೆಳಗೆ ಒತ್ತು ಕೊಟ್ಟರು. ಮುಖ್ಯ ಅತಿಥಿಗಳ ಫೋಟೋ ಸರಿಯಾಗಿ ಮೇಲೆ ಬಂತು.

“ಈಗ ಬರೋಬ್ಬರಿ ಅದ. ಮುಟ್ಟಬ್ಯಾಡ್ರಿ ಮಾಸ್ತರ್!”

ಕೀಬೋರ್ಡ್ ಮುಟ್ಟದೆ ಕೀಬೋರ್ಡ್ ನುಡಿಸುವುದು ಹೇಗೆ ಅಂತ ಕೇಳೋಣವೆಂದರೆ ಕಾಕಾ ಆಗಲೇ ಚಹಾ ಕುಡಿಯಲು ಹೋಗಿದ್ದರು.

ಉಳಿದ ಸಣ್ಣ ಗುಂಯ್ ಇದೆಯಲ್ಲ, ಅದಕ್ಕೂ ಒಂದು ಸ್ವರ ಇದೆ. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಝ್. ಅದು, ಅದರ ಮೇಲಿನ 100 ಹರ್ಟ್ಝ್, ಎರಡೂ ಹೆಚ್ಚುಕಮ್ಮಿ ಬಿಳಿ ಐದರ, ಅಂದರೆ ಕೀಬೋರ್ಡಿನ ಐದನೇ ಬಿಳಿ ಮನೆಯ ಸ್ವರದ, ಹತ್ತಿರ ಬರುತ್ತವೆ. ನಮ್ಮ ಗಾಯಕರು ‘ಸ’ ಹಿಡಿಯುವುದು ಕಪ್ಪು ಎರಡರಲ್ಲಿ, ಅಂದರೆ ಎರಡನೇ ಕಪ್ಪು ಮನೆಯಲ್ಲಿ. ಅವರ ಷಡ್ಜಕ್ಕೆ ಬಿಳಿ ಐದು ಅಂದರೆ ಶುದ್ಧ ಗಾಂಧಾರ. ಅವತ್ತು ಎತ್ತಿಕೊಂಡ ವಚನ ಭೈರವಿ ರಾಗದಲ್ಲಿ, ಅಲ್ಲಿ ಬೇಕಾದದ್ದು ಅದಕ್ಕಿಂತ ಒಂದು ಮನೆ ಕೆಳಗಿನ ಕೋಮಲ ಗಾಂಧಾರ. ಗಾಯಕರು ಕೋಮಲ ಹಿಡಿದಾಗಲೆಲ್ಲ ಕರೆಂಟು ‘ತಪ್ಪು, ತಪ್ಪು’ ಅಂತ ಶುದ್ಧ ಹಿಡಿಯುತ್ತಿತ್ತು. ಅವರು ತಿರುಗಿ ನೋಡಿದ್ದು ಮಾತ್ರ ನನ್ನನ್ನು.

ಮೊದಲ ವಚನ ಹೇಗೋ ಮುಗಿಯಿತು. ಆಮೇಲೆ ಭಾಷಣ. ಈಗಿನ ಕೀಬೋರ್ಡ್‌ಗಳಲ್ಲಿ ಒಂದು ಗುಣ ಇದೆ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ತಾವೇ ಆಫ್ ಆಗುತ್ತವೆ. ಅದನ್ನು ಮಾಡಿದವರಿಗೆ ನಮ್ಮ ಉದ್ಘಾಟನಾ ಭಾಷಣಗಳ ಅಂದಾಜಿಲ್ಲ. ನನಗಿದೆ. ಹಾಗಾಗಿ ತೀರಾ ಎಡಗಡೆಯ ಮನೆ ಒತ್ತಿಹಿಡಿದು ಆನ್ ಮಾಡಿ ಆ ಗುಣವನ್ನು ಮೊದಲೇ ಬಿಡಿಸಿದ್ದೆ. ಸಭಿಕರು ತೂಕಡಿಸಿದರು, ವೇದಿಕೆಯ ಮೇಲಿನವರೂ ತೂಕಡಿಸಿದರು, ನನ್ನ ಕೀಬೋರ್ಡ್ ಒಂದೇ ಎಚ್ಚರವಾಗಿತ್ತು.

ಆಗ ಅತಿಥಿಗಳಿಗೆ ಸೆಕೆಯಾಯಿತು. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ಒಬ್ಬ ಹುಡುಗ ಕೂಲರ್ ತಳ್ಳಿಕೊಂಡು ಬಂದ. ಬೋರ್ಡಿನಲ್ಲಿ ಖಾಲಿ ಜಾಗ ಇರಲಿಲ್ಲ. ಸುತ್ತ ನೋಡಿದ. ಯಾವುದು ಸುಮ್ಮನಿದೆಯೋ ಅದರ ಪ್ಲಗ್ ಕಿತ್ತ. ಬಾಕ್ಸಿನಿಂದ ‘ಢಬ್’ ಅಂತ ಸದ್ದು ಬಂತು. ಸಮಾನತೆಯ ಬಗ್ಗೆ ಮಾತಾಡುತ್ತಿದ್ದ ಅತಿಥಿಗಳು ಬೆಚ್ಚಿ, ಬಿಟ್ಟ ವಾಕ್ಯ ಸಿಗದೆ, ಅಲ್ಲಿಗೇ ‘ಜೈ ಹಿಂದ್, ಜೈ ಕರ್ನಾಟಕ’ ಅಂದುಬಿಟ್ಟರು. ಅಷ್ಟರಮಟ್ಟಿಗೆ ಹುಡುಗನಿಂದ ಉಪಕಾರವೇ ಆಯಿತು.

ನಾನು ಮೈಕಿನ ಬೋರ್ಡ್ ತನಕ ತೆವಳಿಕೊಂಡು ಹೋಗಿ ಪ್ಲಗ್ ಹಚ್ಚಿ ಬರುವಷ್ಟರಲ್ಲಿ ನಿರೂಪಕಿ, “ಈಗ ಎರಡನೇ ವಚನ” ಅಂದೇಬಿಟ್ಟರು. ನನ್ನದು ಸಾಧಾರಣ ಮಾದರಿ. ಕರೆಂಟ್ ಹೋದರೆ ಎಲ್ಲ ಮರೆಯುತ್ತದೆ. ನಾನು ಹಾಕಿಟ್ಟಿದ್ದ ಹಾರ್ಮೋನಿಯಂ ಸದ್ದು ಹೋಗಿ ಪಿಯಾನೋ ಬಂದಿತ್ತು. ಬಿಳಿ ಒಂದು ಒತ್ತಿದರೂ ಕಪ್ಪು ಎರಡೇ ನುಡಿಯಲಿ ಅಂತ ಶ್ರುತಿ ಏರಿಸುವ ಟ್ರಾನ್ಸ್‌ಪೋಸ್ ಮೂರರಲ್ಲಿ ಇದ್ದದ್ದು ಸೊನ್ನೆಗೆ ಇಳಿದಿತ್ತು. ಗಾಯಕರು ಕಣ್ಣು ಮುಚ್ಚಿ ಕಪ್ಪು ಎರಡರಲ್ಲಿ ಎತ್ತಿಕೊಂಡರು. ಅದೇ ಗಳಿಗೆಗೆ ತಬಲಾದವರ ಮೊಣಕಾಲು ಸ್ಟ್ಯಾಂಡಿಗೆ ತಾಗಿ, ನೆಟ್ಟಗೆ ಮಾಡಲು ಅವರು ಕೈ ಇಟ್ಟಿದ್ದು ಮನೆಗಳ ಮೇಲೆ. ಬಿಳಿ ಒಂದರ ಸುತ್ತಮುತ್ತ ಇದ್ದದ್ದೆಲ್ಲ ಒಟ್ಟಿಗೆ ‘ಢಣ್’ ಅಂದಿತು. ಗಾಯಕರು ಕಣ್ಣು ಬಿಟ್ಟರು. ತಬಲಾದವರು, ಸುತ್ತಿಗೆ ಹಿಡಿದುಕೊಂಡೇ, ನನ್ನನ್ನು ನೋಡಿದರು. ಎಲ್ಲರೂ ನನ್ನನ್ನೇ ನೋಡುತ್ತಾರೆ. ಪ್ಲಗ್ ಕಿತ್ತವನು ಕೂಲರಿನ ಮುಂದೆ ನಿಂತು ಬೆವರು ಆರಿಸಿಕೊಳ್ಳುತ್ತಿದ್ದ.

ಆಳಂದ ಕಡೆ ನಮ್ಮ ಅಜ್ಜಿಯ ಊರಿನಲ್ಲಿ ಭಜನೆಯ ರಾತ್ರಿಗಳು ನೆನಪಾಗುತ್ತವೆ. ಒಂದು ಹಾರ್ಮೋನಿಯಂ, ತಾಳ, ತತ್ವಪದ. ಕರೆಂಟ್ ಹೋದದ್ದು ಗೊತ್ತಾಗುತ್ತಿದ್ದುದೇ ಗೋಡೆಯ ಮೇಲಿನ ನೆರಳು ಮಾಯವಾದಾಗ. ಯಾರೋ ಕಂದೀಲು ತರುತ್ತಿದ್ದರು, ಪದ ನಿಲ್ಲುತ್ತಿರಲಿಲ್ಲ. ಎಡಗೈ ಗಾಳಿ ಹಾಕುತ್ತಿದ್ದರೆ ಆಯಿತು. ಅಂಥ ಹಾರ್ಮೋನಿಯಮ್ಮನ್ನೇ ನಮ್ಮ ರೇಡಿಯೋದವರು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಸ್ವರ ತೂಗಾಡಿಸುವ ಗಮಕ ಬರುವುದಿಲ್ಲ ಅಂತ 1940ರಿಂದ 1971ರ ತನಕ ಹೊರಗಿಟ್ಟಿದ್ದರು. ಗಮಕ ಬರದಿದ್ದರೂ ಅದು ಯಾವತ್ತೂ ತಾನೇ ಆಫ್ ಆಗಿದ್ದಿಲ್ಲ.

ಮೊನ್ನೆ ಸೂಪರ್ ಮಾರ್ಕೆಟ್ ಕಡೆ ಹೋಗಿ ಒಂದು ಉದ್ದನೆಯ ಮೈಕ್ ಕೇಬಲ್, ಒಂದು ಸ್ಪೈಕ್ ಬಸ್ಟರ್ ತಂದೆ. ಡಿಐ ಬಾಕ್ಸ್ ಆನ್‌ಲೈನ್‌ನಲ್ಲಿ ತರಿಸಿದೆ. ಬೆಂಗಳೂರಿನಿಂದಲೇ ಬಂತು, ಕಾಕಾ ಹೇಳಿದ್ದು ಸುಳ್ಳಲ್ಲ. ನಿನ್ನೆ ಅದೇ ಸಂಘಟಕರು ಇನ್ನೊಂದು ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದರು. ಈ ಸಲ ನಾನು ಕರಾರು ಹಾಕಿದೆ. ಬ್ಯಾನರ್‌ಗಿಂತ ಮೊದಲು ನನ್ನ ಸೌಂಡ್ ಚೆಕ್. ಸ್ಟೇಜಿನ ಮೇಲೆ ಒಂದು ಬೋರ್ಡ್ ನನಗೊಬ್ಬನಿಗೇ. ಅದರ ಪ್ಲಗ್ ಯಾರೂ ಮುಟ್ಟುವಂತಿಲ್ಲ. ಅವರು ಎಲ್ಲದಕ್ಕೂ “ಹೌದ್ರಿ, ಹೌದ್ರಿ” ಅಂದರು. ಕಡೆಗೆ ಸ್ವಲ್ಪ ತಡೆದು ಕೇಳಿದರು.

“ಖರೇ ಅದ ಮಾಸ್ತರ್... ಆದ್ರ ಕೂಲರ್ ಎಲ್ಲಿ ಹಚ್ಚಬೇಕ್ರಿ?”